ಬೋಧಕನ ಜೇಬು, ಕೇಳುಗನ ಜಂಬ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠವಿದೆ. ಇಂಡಿ ಸೀಮೆಯ ಮಕ್ಕಳಿಗೆ ಈ ಪಾಠ ಹೇಳುವುದು ಬಲು ಸುಲಭ. ಯಾರ ಮನೆಯಲ್ಲಿ ನೋಡಿದರೂ ನಿಂಬೆಹಣ್ಣು. ಒಂದು ಹನಿ ರಸ ತಾಗಿಸಿದರೆ ಸಾಕು, ನೀಲಿ ಲಿಟ್ಮಸ್ ಕಾಗದ ಕೆಂಪಾಗುತ್ತದೆ. ಹಣ್ಣು ದೊಡ್ಡ ತೋಟದ್ದಾಗಲಿ, ಬಡವನ ಹಿತ್ತಲದ್ದಾಗಲಿ, ಕಾಗದಕ್ಕೆ ಭೇದವಿಲ್ಲ. ಒಂದು ವರ್ಷ ಈ ಪ್ರಯೋಗ ಮುಗಿದ ಮೇಲೆ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಒಬ್ಬರು ಹೇಳಿದ ಮಾತು ಖರೇನೋ ಸುಳ್ಳೋ ಅಂತ ತೋರ್ಸೋ ಕಾಗದ ಇಲ್ಲೇನ್ರಿ?’ ಎಂದು ಕೇಳಿದಳು. ಇಡೀ ತರಗತಿ ನಕ್ಕಿತು.

ಆದರೆ ಅದು ನಗುವಂಥ ಪ್ರಶ್ನೆಯಲ್ಲ. ನಮ್ಮ ಮಕ್ಕಳ ಕಿವಿಗೆ ದಿನಕ್ಕೆ ನೂರು ಕಡೆಯಿಂದ ಬೋಧನೆ ಬೀಳುತ್ತದೆ. ಜಾತ್ರೆಯ ಮೈಕು, ಬಸ್ ಸ್ಟ್ಯಾಂಡಿನಲ್ಲಿ ಕೈಗಿಡುವ ಕರಪತ್ರ, ಮನೆಯ ಟಿ.ವಿ., ಈಗಂತೂ ಅಂಗೈಯಲ್ಲಿರುವ ಮೊಬೈಲು. ಪ್ರತಿಯೊಬ್ಬರೂ ತಾವು ಹೇಳುವುದೇ ಸತ್ಯವೆನ್ನುವವರು. ಅದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಆರಿಸಿಕೊಳ್ಳುವುದನ್ನು ಮಕ್ಕಳಿಗೆ ಯಾರು ಕಲಿಸಬೇಕು?

ಈ ಪ್ರಶ್ನೆಯನ್ನು ಬಹು ಹಿಂದೆಯೇ ತಮಗೆ ತಾವೇ ಕೇಳಿಕೊಂಡು, ಉತ್ತರವನ್ನೂ ಬರೆದಿಟ್ಟವರಲ್ಲಿ ಮೊದಲ ಕಾಲದ ಕ್ರೈಸ್ತರು ಒಬ್ಬರು. ನಾನು ಕ್ರೈಸ್ತನಲ್ಲ. ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಹುಟ್ಟಿ ವಚನ ಕೇಳುತ್ತ ಬೆಳೆದವನು. ಸಿಂದಗಿ, ಮುದ್ದೇಬಿಹಾಳ, ಇಂಡಿ ಎಂದು ವರ್ಗಾವಣೆಯಾದಲ್ಲೆಲ್ಲ ಸಂಸಾರ ಕಟ್ಟಿಕೊಂಡು ತಿರುಗಿದ ವಿಜ್ಞಾನದ ಮಾಸ್ತರ. ಮುದ್ದೇಬಿಹಾಳದಲ್ಲಿದ್ದಾಗ ನಮ್ಮ ನೆರೆಮನೆಯಲ್ಲಿ ನಿವೃತ್ತ ಕಂಪೌಂಡರರೊಬ್ಬರು ಇದ್ದರು. ಮುದಗಲ್ಲ ಕಡೆಯ ಹಳೆಯ ಕ್ರೈಸ್ತ ಮನೆತನ. ಕೃಷ್ಣೆ ದಾಟಿದರೆ ಸಿಗುವ ಮುದಗಲ್ಲಿನಲ್ಲಿ ಆದಿಲ್‌ಶಾಹಿಯ ಕಾಲದಿಂದ, ಅಂದರೆ 16ನೇ ಶತಮಾನದಿಂದ ಕ್ರೈಸ್ತರಿದ್ದಾರೆ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಅವರು ಕೊಟ್ಟ ಕನ್ನಡ ಸತ್ಯವೇದ ಇಂದಿಗೂ ನನ್ನ ಕಪಾಟಿನಲ್ಲಿದೆ. ಈ ಲೇಖನದ ಅರ್ಧ ಪಾಲು ಅವರಿಂದ ಕಲಿತದ್ದು.

ಮಾತ್ರೆ ನಿಂತ ಮನೆ

ಆಗ ನನ್ನ ತರಗತಿಯ ಹುಡುಗನೊಬ್ಬನಿಗೆ ಕ್ಷಯವೆಂದು ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. ಆದರೆ ಆರು ತಿಂಗಳು ತಪ್ಪದೆ ನುಂಗಬೇಕು. ಎರಡು ತಿಂಗಳಿಗೆ ಅವನ ಕೆಮ್ಮು ಹೋಯಿತು, ಮೈ ತುಂಬಿತು, ಶಾಲೆಗೂ ಬರತೊಡಗಿದ. ಆಮೇಲೆ ಮತ್ತೆ ಕಾಣಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. ತಾಯಿ ಬಹಳ ಹೊತ್ತು ಸುಮ್ಮನಿದ್ದು, ‘ಮಾತ್ರಿ ಬಿಡಿಸೀವ್ರಿ ಸರ್, ದೇವರ ಮ್ಯಾಲೆ ಭಾರ ಹಾಕೀವಿ’ ಎಂದರು. ಸಂಬಂಧಿಕರೊಬ್ಬರು ಬೇರೆ ಊರಿನ ಪ್ರಾರ್ಥನಾ ಕೂಟಕ್ಕೆ ಕರೆದೊಯ್ದಿದ್ದರಂತೆ. ಎಲ್ಲಿಂದಲೋ ಬಂದಿದ್ದ ಪ್ರಸಂಗಿಯೊಬ್ಬ ಹುಡುಗನ ತಲೆಯ ಮೇಲೆ ಕೈಯಿಟ್ಟು, ರೋಗ ಹೋಯಿತೆಂದು ಸಾರಿ, ಇನ್ನು ಮಾತ್ರೆ ನುಂಗಿದರೆ ದೇವರನ್ನೇ ಸಂಶಯಿಸಿದಂತೆ ಎಂದು ಹೇಳಿ ಕಳಿಸಿದ್ದ.

ಕ್ಷಯದ ಔಷಧವನ್ನು ಅರ್ಧಕ್ಕೆ ಬಿಟ್ಟರೆ ಅಳಿದುಳಿದ ರೋಗಾಣುಗಳು ಮತ್ತೆ ಹೆಚ್ಚುತ್ತವೆ. ಅವು ಅದೇ ಔಷಧಕ್ಕೆ ಮಣಿಯದಷ್ಟು ಗಟ್ಟಿಯಾಗಲೂಬಹುದು. ಮನೆಯ ಉಳಿದವರಿಗೂ ಅಂಟಬಹುದು. ಇದನ್ನೆಲ್ಲ ತಿಳಿಸಿ ಹೇಳಿದೆ. ತಾಯಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಪಾಠದ ಪುಸ್ತಕದ ಮಾತಿಗೆ ಆ ಮನೆಯಲ್ಲಿ ಆ ಹೊತ್ತು ಜಾಗವಿರಲಿಲ್ಲ. ಅವರಿಗೆ ಬೇಕಾಗಿದ್ದುದು ದೇವರ ಕಡೆಯ ಮಾತು.

ಮರುದಿನ ಕಾಕಾ ಸತ್ಯವೇದವನ್ನು ಬಗಲಲ್ಲಿಟ್ಟುಕೊಂಡು ನನ್ನ ಜೊತೆ ಬಂದರು. ‘ತಂಗೀ, ಮಾತ್ರಿ ನುಂಗಬ್ಯಾಡ ಅಂತ ಇದರಾಗ ಎಲ್ಲೈತಿ, ಒಂದೀಟು ತೋರಸು’ ಎಂದರು. ಆಮೇಲೆ ತಾವೇ ಒಂದೊಂದಾಗಿ ತೆಗೆದು ತೋರಿಸಿದರು. ಸುವಾರ್ತೆ ಬರೆದ ಲೂಕ ವೈದ್ಯನಾಗಿದ್ದ. ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಬರಿ ನೀರು ಸಾಲದು, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಸುಮ್ಮನೆ ಪ್ರಾರ್ಥಿಸು ಎಂದಷ್ಟೇ ಬರೆಯಲಿಲ್ಲ. ಕುಷ್ಠರೋಗಿಯನ್ನು ಗುಣಪಡಿಸಿದ ಯೇಸು, ಹೋಗಿ ನಿನ್ನ ಮೈಯನ್ನು ಯಾಜಕನಿಗೆ ತೋರಿಸು ಎಂದು ಕಳಿಸಿದ. ಆ ಕಾಲದಲ್ಲಿ ಕುಷ್ಠ ಹೋಗಿದೆಯೋ ಇಲ್ಲವೋ ಎಂದು ನೋಡಿ ಹೇಳುವ ಅಧಿಕಾರ ಯಾಜಕನದು. ಕಾಕಾ ಪುಸ್ತಕ ಮುಚ್ಚಿ, ‘ಗುಣಾ ಮಾಡಿದಾತ ಹೋಗಿ ತೋರ್ಸಿ ಬಾ ಅಂದ. ಈ ಪ್ರಸಂಗಿ ತೋರ್ಸಬ್ಯಾಡ ಅಂತಾನ. ನೀನ ವಿಚಾರ ಮಾಡವ್ವಾ’ ಎಂದರು.

ಅದೇ ವಾರ ತಾಯಿ ಮಗನನ್ನು ಆಸ್ಪತ್ರೆಗೆ ಕರೆದೊಯ್ದರು. ಕಫ ಪರೀಕ್ಷೆಯಾಯಿತು. ರೋಗ ಹೋಗಿರಲಿಲ್ಲ. ಈ ಸಲ ಚಿಕಿತ್ಸೆ ಮೊದಲಿಗಿಂತ ಹೆಚ್ಚು ತಿಂಗಳು ಹಿಡಿಯಿತು, ಒಂದು ವರ್ಷದ ಓದು ಹೋಯಿತು. ಹುಡುಗ ಉಳಿದ. ಮಾತ್ರೆಯ ಜೊತೆಗೆ ತಾಯಿಯ ಪ್ರಾರ್ಥನೆಯೂ ನಡೆದಿತ್ತು. ಅದನ್ನು ಬಿಡಿರೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಕೂಟದಲ್ಲಿ ಸುಳ್ಳಾಗಿದ್ದುದು ಪ್ರಾರ್ಥನೆಯಲ್ಲ, ‘ಪರೀಕ್ಷೆ ಮಾಡಿಸಬೇಡಿ’ ಎಂಬ ಮಾತು.

ಮೂರು ದಿನದ ಅತಿಥಿ

ಸುಳ್ಳು ಪ್ರವಾದಿಗಳು ಕುರಿಯ ವೇಷದಲ್ಲಿ ಬರುವ ತೋಳಗಳೆಂದೂ, ಮರವನ್ನು ಹಣ್ಣಿನಿಂದ ಗುರುತಿಸುವ ಹಾಗೆ ಅವರನ್ನು ಅವರ ಫಲದಿಂದ ಗುರುತಿಸಬೇಕೆಂದೂ ಯೇಸು ಎಚ್ಚರಿಸಿದ್ದು ಎಲ್ಲರೂ ಕೇಳಿದ್ದೇ. ಅದರಾಚೆಗೆ ನನಗೆ ಹಿಡಿಸಿದ್ದು ಅಪೊಸ್ತಲರ ಕೃತ್ಯಗಳಲ್ಲಿ ಬರುವ ಬೆರೋಯ ಎಂಬ ಊರಿನ ಜನ. ಪೌಲನಂಥ ಪೌಲನೇ ಬಂದು ಬೋಧಿಸಿದಾಗ ಅವರು ಆದರದಿಂದ ಕೇಳಿದರು. ಕೇಳಿದ ಮೇಲೆ, ಈತ ಹೇಳಿದ್ದು ಹೌದೋ ಅಲ್ಲವೋ ಎಂದು ದಿನವೂ ತಮ್ಮ ಶಾಸ್ತ್ರ ತೆಗೆದು ನೋಡಿದರು. ಗ್ರಂಥ ಅವರನ್ನು ಉದ್ಧಟರೆಂದು ಬೈಯುವುದಿಲ್ಲ, ಸದ್ಗುಣಿಗಳೆಂದು ಹೊಗಳುತ್ತದೆ. ಅದೇ ಪೌಲ ತನ್ನ ಹಿರಿಯ ಪೇತ್ರನನ್ನು ಎಲ್ಲರೆದುರಿಗೇ ತಪ್ಪೆಂದು ಎದುರಿಸಿದ ಪ್ರಸಂಗವೂ ಇದೆ. ಆ ಜಗಳವನ್ನು ಮುಚ್ಚಿಡದೆ ಧರ್ಮಗ್ರಂಥದಲ್ಲೇ ಉಳಿಸಿಕೊಂಡಿದ್ದಾರೆ.

ಪರೀಕ್ಷಿಸಬೇಕಾದರೆ ಗ್ರಂಥ ಕೈಯಲ್ಲಿರಬೇಕು, ತಿಳಿಯುವ ಭಾಷೆಯಲ್ಲಿರಬೇಕು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದ ಮೇಲೆ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಕಾಕಾ ಆ ತಾಯಿಯ ಮುಂದೆ ‘ಇದರಾಗ ಎಲ್ಲೈತಿ ತೋರಸು’ ಎಂದು ಕೇಳಲು ಸಾಧ್ಯವಾದದ್ದು ಇಂಥ ಕೆಲಸದಿಂದ. ನಮ್ಮ ಶರಣರು ಅನುಭಾವವನ್ನು ಕನ್ನಡದಲ್ಲೇ ಹೇಳಿದ್ದರ ಬೆಲೆಯೂ ಇದೇ. ಓದಲು ಬರುವ ಒಕ್ಕಲಿಗನ ಮಗಳಿಗೂ ಮಠದ ಸ್ವಾಮಿಗಳಿಗೂ ವಚನ ಒಂದೇ.

ಮೊದಲ ಕಾಲದ ಕ್ರೈಸ್ತರ ಇನ್ನೊಂದು ಕಿರುಹೊತ್ತಿಗೆಯ ಹೆಸರು ‘ದಿದಾಖೆ’, ಎಂದರೆ ಬೋಧನೆ. ಬಹು ಕಾಲ ಕಣ್ಮರೆಯಾಗಿದ್ದ ಇದರ ಹಸ್ತಪ್ರತಿಯನ್ನು 1873ರಲ್ಲಿ ಬ್ರಿಯೆನ್ನಿಯೋಸ್ ಎಂಬ ಗ್ರೀಕ್ ವಿದ್ವಾಂಸರು ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಕಂಡುಹಿಡಿದು, ಹತ್ತು ವರ್ಷಗಳ ನಂತರ ಅಚ್ಚು ಮಾಡಿಸಿದರು. ಊರೂರು ತಿರುಗುವ ಬೋಧಕರಲ್ಲಿ ಖರೆ ಯಾರು, ಖೊಟ್ಟಿ ಯಾರು ಎಂದು ತಿಳಿಯಲು ಅದರಲ್ಲಿ ಹೇಳಿರುವ ಗುರುತುಗಳನ್ನು ನೋಡಿದರೆ ನಮ್ಮ ಹಳ್ಳಿಯ ಹಿರಿಯರೇ ಕುಳಿತು ಬರೆಸಿದಂತಿದೆ. ಬಂದವನನ್ನು ಆದರಿಸಿ. ಒಂದು ದಿನ ಇರಲಿ, ಅಗತ್ಯ ಬಿದ್ದರೆ ಎರಡು ದಿನ. ಮೂರನೆಯ ದಿನವೂ ಝಂಡಾ ಹೂಡಿದನೆಂದರೆ ಆತ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕಟ್ಟಿ ಕೊಡಿ. ಹಣ ಕೇಳಿದರೆ ಆತ ಸುಳ್ಳು ಪ್ರವಾದಿ. ದೇವರ ಆವೇಶದಲ್ಲಿ ಊಟ ಬಡಿಸಲು ಅಪ್ಪಣೆ ಮಾಡಿ ತಾನೇ ಕುಳಿತು ಉಂಡರೆ ಸುಳ್ಳು. ಹೇಳುವುದು ಸತ್ಯವೇ ಆದರೂ ಹೇಳಿದಂತೆ ನಡೆಯದಿದ್ದರೆ ಆಗಲೂ ಸುಳ್ಳು. ಊರಲ್ಲೇ ನೆಲೆಸುತ್ತೇನೆ ಎನ್ನುವವನಿಗೆ ಕಸುಬಿದ್ದರೆ ದುಡಿದು ಉಣ್ಣಲಿ. ಬೇರೆ ಬಡವರಿಗಾಗಿ ಕೇಳಿದರೆ ಮಾತ್ರ ಯಾರೂ ತಪ್ಪು ಹುಡುಕಬಾರದು. ಇವು ಅದರ ಸಾರಾಂಶ.

ಇದನ್ನು ಓದಿದಾಗ ಬಾಗೇವಾಡಿಯ ನನ್ನಂಥವನಿಗೆ ಕಾಯಕ ನೆನಪಾಗದೆ ಇರುತ್ತದೆಯೇ? ನಿಂತಲ್ಲಿ ನಿಲ್ಲದ ಜಂಗಮ ನೆನಪಾಗದೆ ಇರುತ್ತಾನೆಯೇ? ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರಲಿಲ್ಲವೆಂಬುದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದಲೇ ಬೇಡವೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಸೇರಿದ ಜನಸಾಗರವನ್ನು ಕಂಡವರು ಮರೆಯುವಂತಿಲ್ಲ. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಆ ಕ್ರೈಸ್ತರು ನಮ್ಮ ಸ್ವಾಮೀಜಿಯವರನ್ನು ಕಂಡಿದ್ದರೆ ಮೊದಲು ಜೇಬನ್ನೇ ನೋಡುತ್ತಿದ್ದರು. ನೋಡಿ, ರೊಟ್ಟಿ ಕಟ್ಟಿ ಕೊಡುತ್ತಿದ್ದರು.

ಗಮನಿಸಬೇಕಾದ ಒಂದು ಮಾತಿದೆ. ಈ ಗುರುತುಗಳಲ್ಲಿ ಬೋಧಕನ ಮಾತು ಎಷ್ಟು ಇಂಪು, ಎಷ್ಟು ಜನ ಸೇರಿದ್ದರು, ಎಂಥ ಪವಾಡ ಮಾಡಿದ ಎಂಬುದು ಲೆಕ್ಕಕ್ಕೇ ಇಲ್ಲ. ಪೌಲನೂ ತಿಮೊಥೆಯನಿಗೆ ಬರೆಯುವಾಗ ತಪ್ಪು ಬೋಧಿಸುವವನ ಮೊದಲ ಲಕ್ಷಣವಾಗಿ ಹೇಳುವುದು ಗರ್ವವನ್ನು. ಏನೂ ತಿಳಿಯದೆ ಉಬ್ಬಿದವನು, ವಾಗ್ವಾದದ ಚಟದವನು, ಭಕ್ತಿಯನ್ನು ಗಳಿಕೆಯ ದಾರಿ ಮಾಡಿಕೊಂಡವನು ಎಂಬ ಅರ್ಥದಲ್ಲಿ ಅವನ ಚಿತ್ರ ಬರೆಯುತ್ತಾನೆ. ಗರ್ವ ಮೊದಲು ಬರುತ್ತದೆ, ಸುಳ್ಳು ಅದರ ಬೆನ್ನಿಗೆ ಬರುತ್ತದೆ.

ತಪ್ಪಿದ ತಾರೀಖುಗಳು

ವಿಜ್ಞಾನದಲ್ಲಿ ಒಂದು ಊಹೆ ಮಾಡಿದರೆ ಅದರಿಂದ ಮುಂದೆ ಏನು ಕಾಣಬೇಕೆಂದು ಹೇಳುತ್ತೇವೆ. ಕಾಣದಿದ್ದರೆ ಊಹೆ ತಪ್ಪು. ಧರ್ಮದಲ್ಲಿ ಇಂಥ ಅವಕಾಶ ಅಪರೂಪ. ಆದರೆ ಲೋಕ ಇಂಥ ದಿನವೇ ಮುಗಿಯುತ್ತದೆ ಎಂದು ಯಾರಾದರೂ ತಾರೀಖು ಕೊಟ್ಟಾಗ ಆ ಅವಕಾಶ ತಾನಾಗಿ ಬರುತ್ತದೆ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ಬೈಬಲ್ಲಿನ ದಾನಿಯೇಲನ ಗ್ರಂಥದಿಂದ ಲೆಕ್ಕ ಹಾಕಿ, ಕ್ರಿಸ್ತ ಮರಳಿ ಬರುವ ಕಾಲ ಹತ್ತಿರವಾಯಿತೆಂದು ಸಾರಿದ. ಅವನ ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತು ಮಾಡಿದರು. ಕೆಲ ರೈತರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಲೋಕವೇ ಮುಗಿಯುವಾಗ ಸುಗ್ಗಿ ಯಾರಿಗೆ ಬೇಕು? 23ನೇ ತಾರೀಖು ಎಂದಿನಂತೆ ಸೂರ್ಯ ಹುಟ್ಟಿದ. ಮಿಲ್ಲರ್ ತನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡ.

ಇದು ಹಳೆಯ ಕಾಲದ ಕತೆ ಎನ್ನುವಂತಿಲ್ಲ. 2011ರ ಮೇ 21ರಂದು ಕ್ರಿಸ್ತ ಬರುತ್ತಾನೆಂದು ಹೆರಾಲ್ಡ್ ಕ್ಯಾಂಪಿಂಗ್ ಎಂಬ ಅಮೆರಿಕದ ರೇಡಿಯೊ ಬೋಧಕ ಸಾರಿದ. ಅವನೇನೂ ಓದು ಬರದವನಲ್ಲ, ಸಿವಿಲ್ ಎಂಜಿನಿಯರಿಂಗ್ ಪದವೀಧರ. 1994ರಲ್ಲೂ ಇಂಥದೇ ಭವಿಷ್ಯ ಹೇಳಿ ಕೈಸುಟ್ಟುಕೊಂಡಿದ್ದ. ಮೇ ತಿಂಗಳ ತಾರೀಖು ದಾಟಿದ ಮೇಲೆ ಅಕ್ಟೋಬರ್ ಎಂದ. ಅದೂ ದಾಟಿತು. 2012ರ ಮಾರ್ಚ್‌ನಲ್ಲಿ, 90 ವರ್ಷದ ಆ ಮುದುಕ, ದಿನ ಹೇಳಿದ್ದು ತಪ್ಪು, ಅದು ಪಾಪ ಎಂದು ಕೇಳುಗರಿಗೆ ಬಹಿರಂಗವಾಗಿ ಬರೆದ. ಪದವಿ ಇದ್ದ ಮಾತ್ರಕ್ಕೆ ಮೋಸಹೋಗುವುದು ತಪ್ಪುವುದಿಲ್ಲ ಎಂಬುದಕ್ಕೆ ನಾನು ಅವನ ಉದಾಹರಣೆ ಕೊಡುತ್ತೇನೆ. ಕೊನೆಗಾದರೂ ಅವನು ಬರೆದ ಆ ಪತ್ರಕ್ಕೆ ಬೆಲೆಯಿದೆ. ತಪ್ಪಾಯಿತು ಎನ್ನಬಲ್ಲ ಬೋಧಕನಿಂದ ಪಾರಾಗುವ ದಾರಿಯಾದರೂ ಇರುತ್ತದೆ.

ತಮಗೆ ಬೇಕಾದದ್ದನ್ನೇ ಕೇಳುವ ಕಿವಿ

ತಾರೀಖಿನ ಆಸೆ ನಮ್ಮ ಸೀಮೆಯನ್ನೂ ಬಿಟ್ಟಿಲ್ಲ. ಮುಂದಾಗುವುದನ್ನು ಒಗಟಿನಂತೆ ಹೇಳುವ ಕಾಲಜ್ಞಾನ ನಮ್ಮ ಕಡೆಯ ಊರುಗಳಿಗೆ ಹೊಸದಲ್ಲ. ಮುದ್ದೇಬಿಹಾಳದಿಂದ ದೂರವೇನಿಲ್ಲದ ಕೊಡೇಕಲ್ಲಿನ ಬಸವಣ್ಣನ ಹೆಸರು ಹೇಳಿದರೆ ಹಿರಿಯರಿಗೆ ಅದು ಗೊತ್ತಾಗುತ್ತದೆ. 1840ರ ಸುಮಾರಿಗೆ ಹುಬ್ಬಳ್ಳಿ, ಧಾರವಾಡ ಭಾಗದಲ್ಲಿ ಕಾಲಜ್ಞಾನವನ್ನು ನಂಬಿದ್ದ ಒಂದು ಪಂಥದವರು ಬಾಸೆಲ್ ಮಿಷನ್ನಿನ ಪಾದ್ರಿಗಳನ್ನು ಕಂಡರು. ತಮ್ಮ ಗ್ರಂಥದಲ್ಲಿ ಹೇಳಿದ ಬದಲಾವಣೆಯ ಕಾಲ ಇವರೊಂದಿಗೆ ಬಂತೇನೋ ಎಂದು ಅವರ ಎಣಿಕೆ. ಪಾದ್ರಿಗಳ ಎಣಿಕೆ ಇನ್ನೊಂದು: ಇಡೀ ಪಂಥವೇ ಕ್ರೈಸ್ತ ಮತಕ್ಕೆ ಬರಲಿದೆ. ಆ ಉತ್ಸಾಹದಲ್ಲಿ ಮುಂದಿದ್ದವರು ಹರ್ಮನ್ ಮೋಗ್ಲಿಂಗ್. ಗದಗ, ಬೆಟಗೇರಿಯ ಹತ್ತಿರ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ಒಕ್ಕಲುತನದ ನೆಲೆಯೇ ಶುರುವಾಯಿತು. ಎಣಿಸಿದಂತೆ ಜನ ಬರಲಿಲ್ಲ. ಆ ನೆಲೆ ನಿಲ್ಲಲಿಲ್ಲ.

ಇಲ್ಲಿ ಯಾರೂ ಯಾರಿಗೂ ಬೇಕೆಂದು ಮೋಸ ಮಾಡಲಿಲ್ಲ. ಇವರ ಮಾತಿನಲ್ಲಿ ಅವರು ತಮ್ಮ ಕಾಲಜ್ಞಾನ ಕೇಳಿದರು. ಅವರ ಮಾತಿನಲ್ಲಿ ಇವರು ತಮ್ಮ ಸುವಾರ್ತೆಯ ಗೆಲುವು ಕೇಳಿದರು. ಸುಳ್ಳಿಗೆ ಯಾವಾಗಲೂ ಸುಳ್ಳುಗಾರ ಬೇಕೆಂದಿಲ್ಲ. ‘ನಾನು ಅಂದುಕೊಂಡಿದ್ದೇ ನಡೆಯುತ್ತಿದೆ’ ಎಂಬ ಹಿಗ್ಗು ಸಾಕು. ಮೋಗ್ಲಿಂಗರ ದೊಡ್ಡತನವೆಂದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಮುಂದೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಲಿಸಲು ಬಂದವರು ಈ ನಾಡಿನ ಮಾತಿಗೂ ಕಿವಿಗೊಟ್ಟರು. ಅದರಿಂದ ಕನ್ನಡಕ್ಕೆ ಆದ ಲಾಭ ದೊಡ್ಡದು.

ಕೇಳುಗನ ಜಂಬ ಇದಕ್ಕಿಂತ ಕೇಡಿನದು. ‘ಊರಿನವರೆಲ್ಲ ಕುರುಡರು, ಸತ್ಯ ಗೊತ್ತಿರುವುದು ನಮ್ಮ ನಾಲ್ಕು ಜನಕ್ಕೆ’ ಎಂಬ ಭಾವನೆ ಬಹಳ ರುಚಿ. ಅದನ್ನು ಉಣಿಸುವವನು ಬೇರೆ ಏನು ಉಣಿಸಿದರೂ ಜನ ಉಣ್ಣುತ್ತಾರೆ. ಜಿಮ್ ಜೋನ್ಸ್ ಎಂಬ ಅಮೆರಿಕದ ಪಾದ್ರಿ ಶುರುವಿನಲ್ಲಿ ಒಳ್ಳೆಯ ಕೆಲಸವನ್ನೇ ಮಾಡಿದ್ದ. ಕರಿಯರು ಬಿಳಿಯರು ಬೇರೆಬೇರೆ ಕುಳಿತುಕೊಳ್ಳುತ್ತಿದ್ದ ಕಾಲದಲ್ಲಿ ತನ್ನ ಸಭೆಯಲ್ಲಿ ಇಬ್ಬರನ್ನೂ ಕೂಡಿಸಿದ. ಬಡವರಿಗೆ ಅನ್ನ ಹಾಕಿದ. ಬರಬರುತ್ತ ದೇವರ ಜಾಗದಲ್ಲಿ ತಾನೇ ಕುಳಿತ. ಕೊನೆಗೆ ನೂರಾರು ಜನರನ್ನು ಅವರ ಬಂಧುಗಳಿಂದ ದೂರ ಮಾಡಿ ದಕ್ಷಿಣ ಅಮೆರಿಕದ ಗಯಾನಾದ ಕಾಡಿಗೆ ಕರೆದೊಯ್ದ. 1978ರ ನವೆಂಬರ್ 18ರಂದು ಅಲ್ಲಿ ಸೈನೈಡ್ ಬೆರೆಸಿದ ಪಾನಕಕ್ಕೆ ಮತ್ತು ಗುಂಡಿಗೆ 900ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಸುಮಾರು 300 ಮಕ್ಕಳು. ಮಕ್ಕಳು ತಾವಾಗಿ ಏನನ್ನೂ ಆರಿಸಿಕೊಂಡಿರಲಿಲ್ಲ. 2023ರಲ್ಲಿ ಕೀನ್ಯಾದ ಶಾಕಹೋಲಾ ಕಾಡಿನಲ್ಲಿ, ಉಪವಾಸವಿದ್ದರೆ ಯೇಸುವನ್ನು ಕಾಣಬಹುದೆಂದು ಬೋಧಕನೊಬ್ಬ ಹೇಳಿದ್ದನ್ನು ನಂಬಿದ ಕುಟುಂಬಗಳ 400ಕ್ಕೂ ಹೆಚ್ಚು ಹೆಣಗಳನ್ನು ಅಗೆದು ತೆಗೆದರು. ಎರಡೂ ಕಡೆ ಒಂದೇ ನಡೆ: ಮೊದಲು ಬಂಧುಗಳಿಂದ ದೂರ, ಆಮೇಲೆ ಪ್ರಶ್ನೆ ಬಂದ್, ಆಮೇಲೆ ಕಾಡು.

ಪರೀಕ್ಷಿಸುವವನ ಜಂಬ

ಇಷ್ಟು ಓದಿದ ಮೇಲೆ ಕೆಲವರು ಮೀಸೆ ತಿರುವಬಹುದು. ‘ಇದೆಲ್ಲ ಆ ಧರ್ಮದವರ ಕತೆ, ನಮ್ಮಲ್ಲಿ ಇಂಥದ್ದಿಲ್ಲ’ ಎಂದುಕೊಳ್ಳಬಹುದು. ಅಂಥವರಿಗೆ 1995ರ ಸೆಪ್ಟೆಂಬರ್ 21 ನೆನಪು ಮಾಡುತ್ತೇನೆ. ದೇಶದ ತುಂಬ ಗಣಪತಿ ಹಾಲು ಕುಡಿಯುತ್ತಾನೆಂದು ಜನ ತಂಬಿಗೆ ಹಿಡಿದು ಸಾಲು ನಿಂತಿದ್ದರು. ಆಗಿನ್ನೂ ನಾನು ಹೊಸ ಮಾಸ್ತರ. ಚಮಚದ ಅಂಚಿಗೆ ತಾಗಿದ ಕಲ್ಲಿನ ಮೇಲೆ ಹಾಲು ತೆಳುವಾಗಿ ಹರಿದು ಇಳಿಯುತ್ತದೆ. ದ್ರವದ ಮೇಲ್ಮೈ ಎಳೆತ ಅದಕ್ಕೆ ಕಾರಣ. 2012ರಲ್ಲಿ ಮುಂಬೈಯ ಒಂದು ಚರ್ಚಿನ ಹತ್ತಿರ ಯೇಸುವಿನ ಮೂರ್ತಿಯ ಪಾದದಿಂದ ನೀರು ತೊಟ್ಟಿಕ್ಕಿತು. ಜನ ತೀರ್ಥವೆಂದು ಹಿಡಿದುಕೊಂಡರು. ವಿಚಾರವಾದಿ ಸನಲ್ ಎಡಮರುಕು ಹೋಗಿ ನೋಡಿ, ಕಟ್ಟಿಕೊಂಡ ಮೋರಿಯ ನೀರು ಗೋಡೆಯ ಸಂದಿಯಲ್ಲಿ, ದೀಪದ ಬತ್ತಿಗೆ ಎಣ್ಣೆ ಏರಿದಂತೆ, ಏರಿ ಬರುತ್ತಿದೆ ಎಂದು ತೋರಿಸಿದರು. ಅವರ ಮೇಲೆ ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ದೂರು ದಾಖಲಾಗಿ, ಅದೇ ವರ್ಷ ಅವರು ಫಿನ್ಲೆಂಡಿಗೆ ಹೋಗಬೇಕಾಯಿತು. ಮೋರಿಯ ನೀರು ಕುಡಿದು ಮಕ್ಕಳು ಕಾಯಿಲೆ ಬೀಳುವುದನ್ನು ತಪ್ಪಿಸಿದವನಿಗೆ ಸಿಕ್ಕ ಬಹುಮಾನ ಅದು.

ಇನ್ನು ಕೆಲವರ ಜಂಬ ಬೇರೆ ಬಗೆಯದು. ಸುಳ್ಳು ಬೋಧನೆ ಹಿಡಿಯುವುದೇ ಅವರಿಗೆ ಬೇಟೆ. ತಮಗಿಂತ ಒಂದಕ್ಷರ ಬೇರೆ ಹೇಳಿದವರೆಲ್ಲ ಅವರಿಗೆ ಧರ್ಮದ್ರೋಹಿಗಳು. ಗೆಲಿಲಿಯೋನನ್ನು 1633ರಲ್ಲಿ ವಿಚಾರಣೆಗೆ ನಿಲ್ಲಿಸಿ, ಭೂಮಿ ತಿರುಗುತ್ತದೆಂಬ ಮಾತನ್ನು ಬಿಡಿಸಿದವರೂ ತಾವು ಸುಳ್ಳು ಬೋಧನೆ ತಡೆಯುತ್ತಿದ್ದೇವೆಂದೇ ನಂಬಿದ್ದರು. ಅವರ ಕೈಯಲ್ಲಿ ಶಾಸ್ತ್ರವಿತ್ತು, ಅಧಿಕಾರವಿತ್ತು. ತಾವು ಓದಿದ ಅರ್ಥವೇ ತಪ್ಪಿರಬಹುದೆಂಬ ಅನುಮಾನ ಮಾತ್ರ ಇರಲಿಲ್ಲ. ಆ ತಪ್ಪನ್ನು ಪೋಪ್ ಎರಡನೇ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿದ್ದು 1992ರಲ್ಲಿ. ಯೇಸು ಹೇಳಿದ ಸಾಮ್ಯವೊಂದರಲ್ಲಿ ದೇವಾಲಯಕ್ಕೆ ಇಬ್ಬರು ಬರುತ್ತಾರೆ. ನೇಮನಿಷ್ಠೆಯ ಫರಿಸಾಯ ತಾನು ಉಳಿದವರಂತಲ್ಲವೆಂದು ದೇವರಿಗೇ ವರದಿ ಒಪ್ಪಿಸುತ್ತಾನೆ. ಸುಂಕದವನು ದೂರ ನಿಂತು ಎದೆ ಬಡಿದುಕೊಳ್ಳುತ್ತಾನೆ. ದೇವರಿಗೆ ಒಪ್ಪಿಗೆಯಾದವನು ಎರಡನೆಯವನು. ಫರಿಸಾಯನ ಲೆಕ್ಕದಲ್ಲಿ ಸುಳ್ಳಿರಲಿಲ್ಲ, ಆತ ನಿಜಕ್ಕೂ ಉಪವಾಸ ಮಾಡುತ್ತಿದ್ದ. ಆ ಉಪವಾಸವನ್ನು ಇನ್ನೊಬ್ಬನನ್ನು ಅಳೆಯುವ ಕೋಲು ಮಾಡಿಕೊಂಡಿದ್ದು ಕೆಟ್ಟಿತು.

ಇಂಡಿಯಿಂದ ರೈಲು ಹತ್ತಿದರೆ ಸಿಗುವ ಸೊಲ್ಲಾಪುರದ ಕತೆಯೂ ಇದೇ ಅಲ್ಲವೇ? ಅಂದಿನ ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಜನಕ್ಕೆ ನೀರು ಸಿಕ್ಕಿತು. ಅಲ್ಲಮಪ್ರಭು ಬಂದು ಅವನನ್ನು ಮಣ್ಣು ಹೊರಿಸುವವನೆಂಬಂತೆ ಹಗುರವಾಗಿ ಕರೆದಾಗ ಶಿಷ್ಯರು ಕಲ್ಲೆಸೆದರೆಂದು ಶೂನ್ಯಸಂಪಾದನೆಯ ಕತೆ. ಕೆರೆ ಒಳ್ಳೆಯದೇ, ‘ನಾನು ಕಟ್ಟಿಸಿದೆ’ ಎಂಬುದನ್ನು ಅಲ್ಲಮ ಕೆದಕಿದ. ಸಿದ್ಧರಾಮನ ದೊಡ್ಡತನವೆಂದರೆ ಆತ ಶಿಷ್ಯರ ಕಲ್ಲಿನ ಹಿಂದೆ ಅಡಗಲಿಲ್ಲ. ಕೆದಕಿದವನ ಮಾತು ಕೇಳಿದ, ಅವನ ಜೊತೆ ಕಲ್ಯಾಣಕ್ಕೆ ಹೊರಟ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನೂ ತಾನು ಎಲ್ಲರಿಗಿಂತ ಕಿರಿಯನೆಂದೇ ಹೇಳಿಕೊಂಡ. ಬೆರೋಯದ ಜನ, ಸುಂಕದವನು, ಸಿದ್ಧರಾಮ, ಬಸವಣ್ಣ, ಇವರೆಲ್ಲರಲ್ಲೂ ನನಗೆ ಕಾಣುವುದು ಒಂದೇ ಗುಣ. ಇನ್ನೊಬ್ಬರನ್ನು ಪರೀಕ್ಷಿಸುವ ಮೊದಲು ತಮ್ಮನ್ನು ಪರೀಕ್ಷೆಗೆ ಒಡ್ಡಿಕೊಂಡರು. ಸುಳ್ಳು ಅಂಟದಂತೆ ಅವರನ್ನು ಕಾಪಾಡಿದ್ದು ಜಾಣತನಕ್ಕಿಂತ ಹೆಚ್ಚಾಗಿ ಆ ವಿನಯ.

ವಿದ್ಯಾರ್ಥಿ ಮಿತ್ರರೆ, ಯಾರೇ ಆಗಲಿ, ಯಾವ ಧರ್ಮದವರೇ ಆಗಲಿ, ನಿಮಗೆ ಬೋಧಿಸಲು ಬಂದಾಗ ಆದರದಿಂದ ಕೇಳಿ. ಕೇಳಿದ ಮೇಲೆ ಕೆಲವನ್ನು ನೋಡಿಕೊಳ್ಳಿ. ಪ್ರಶ್ನೆ ಕೇಳಿದರೆ ಅವರು ಉತ್ತರ ಹುಡುಕುತ್ತಾರೋ, ಸಿಟ್ಟಾಗುತ್ತಾರೋ? ತಾವು ಹೇಳಿದ್ದನ್ನು ಮೂಲ ಗ್ರಂಥದಲ್ಲಿ ತೋರಿಸಬಲ್ಲರೋ? ತಪ್ಪಿದಾಗ ತಪ್ಪೆನ್ನುತ್ತಾರೋ, ನಿಮ್ಮ ನಂಬಿಕೆ ಸಾಲದು ಎನ್ನುತ್ತಾರೋ? ಅವರ ಮಾತು ಕೇಳಿದ ಮೇಲೆ ನಿಮಗೆ ತಾಯಿತಂದೆ, ಗೆಳೆಯರು, ವೈದ್ಯರು ಹತ್ತಿರವಾದರೋ, ದೂರವಾದರೋ? ಕೊನೆಯದು ಎಲ್ಲಕ್ಕಿಂತ ಮುಖ್ಯ: ಅವರ ಮಾತು ಕೇಳಿ ನೀವು ಇನ್ನೊಬ್ಬರನ್ನು ಹೆಚ್ಚು ಪ್ರೀತಿಸುತ್ತೀರೋ, ಇನ್ನೊಬ್ಬರಿಗಿಂತ ಮೇಲೆಂದು ಬೀಗುತ್ತೀರೋ? ನಿಮ್ಮ ವಿಜ್ಞಾನದ ಮಾಸ್ತರರಿಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ. ಪದವಿ ಇದೆಯೆಂದು ನಮಗೆ ರಿಯಾಯಿತಿ ಕೊಡಬೇಡಿ.

ಪಾಲಕರಿಗೆ ಒಂದು ಬಿನ್ನಹ. ಮಕ್ಕಳು ‘ಯಾಕ?’ ಎಂದಾಗ ‘ಹಿರಿಯರಿಗೆ ಎದುರು ಮಾತಾಡಬ್ಯಾಡ’ ಎಂದು ಗದರಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮನೆಯಲ್ಲಿ ತಾಯಿತಂದೆಯನ್ನು ಕೇಳಲಾರದ ಮಗು ಹೊರಗೆ ಬೋಧಕನನ್ನು ಕೇಳಲಾರದು. ದನಿ ಯಾರದು ದೊಡ್ಡದೋ ಅವರ ಹಿಂದೆ ಹೋಗುತ್ತದೆ. ಉತ್ತರ ಗೊತ್ತಿರದಿದ್ದರೆ ‘ನನಗೂ ಗೊತ್ತಿಲ್ಲಪ್ಪಾ, ಕೂಡಿ ನೋಡೋಣು ಬಾ’ ಎನ್ನಿ. ಅಷ್ಟು ಹೇಳಲು ನಮ್ಮ ಜಂಬ ಸ್ವಲ್ಪ ಕರಗಬೇಕಾಗುತ್ತದೆ. ಮಗುವಿನ ಜೀವಕ್ಕಿಂತ ಅದೇನೂ ದೊಡ್ಡದಲ್ಲ.